ಮೂರು ಪಾಲು ಗಟ್ಟಿ, ಒಂದು ಪಾಲು ಜೊಳ್ಳು

ಇವತ್ತು ಬೆಳಗ್ಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಯಸಳೂರಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಮೇಷ್ಟ್ರು ನೆನಪಾದರು. ಕ್ಲೋರಿನ್ ಪಾಠದ ದಿನ ಇದೇ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಬಂದು ಒಬ್ಬೊಬ್ಬರಿಗೂ ಮೂಸಿಸಿದ್ದರು. ಬಾಳ್ಳುಪೇಟೆಯಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದವರು. ಅವರ ಮನೆಯನ್ನು ನಾವ್ಯಾರೂ ಕಂಡಿರಲಿಲ್ಲ...

ಕ್ಲೋರಿನ್ನಿನ ಪರಮಾಣು ರಾಶಿ ಮೂವತ್ತೈದೂವರೆ ಎಂದು ಬರೆದರು. ನನಗೋ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಈ ಅರ್ಧ ಎಲ್ಲಿಂದ ಬಂತು? ಕೇಳಿಯೇಬಿಟ್ಟೆ. ಮೂವತ್ತೈದೂವರೆಯ ಪರಮಾಣು ಒಂದೂ ಇಲ್ಲ, ಕೆಲವು ಮೂವತ್ತೈದು, ಕೆಲವು ಮೂವತ್ತೇಳು, ಎರಡೂ ಕ್ಲೋರಿನ್ನೇ, ಇದು ಅವುಗಳ ಸರಾಸರಿ ಅಂದರು. ಹಾಗಾದರೆ ಮೂವತ್ತಾರು ಬರಬೇಕಲ್ಲ ಎಂದು ನಾನೂ ಪಟ್ಟು ಬಿಡಲಿಲ್ಲ.

ಕಾಳುಮೆಣಸು ಕೊಳ್ಳುವವರು ಜೊಳ್ಳು ಎಷ್ಟಿದೆಯೆಂದು ತಿಳಿಯಲು ಒಂದು ಲೀಟರ್ ಅಳೆದು ತೂಗಿ ನೋಡುವುದು ನಮಗೆಲ್ಲ ಗೊತ್ತಿದ್ದದ್ದೇ. ಮೇಷ್ಟ್ರು ಅದನ್ನೇ ಹಿಡಿದರು. "ಗಟ್ಟಿ ಮೆಣಸು ಲೀಟರ್‌ಗೆ ಆರುನೂರು ಗ್ರಾಂ, ಜೊಳ್ಳು ಐನೂರು. ಮೂರು ಪಾಲು ಗಟ್ಟಿಗೆ ಒಂದು ಪಾಲು ಜೊಳ್ಳು ಬೆರೆಸಿದ್ರೆ ಎಷ್ಟು ತೂಗ್ತೈತೆ?"

"ಐನೂರ ಎಪ್ಪತ್ತೈದು ಸಾ. ನಮ್ಮವ್ವ ಹಂಗೇ ಬೆರೆಸೋದು."

ಬಾಯಿ ಜಾರಿತ್ತು. ಕ್ಲಾಸೆಲ್ಲ ಗೊಳ್ಳೆಂದಿತು. ನಮ್ಮ ಮೆಣಸು ಕೊಳ್ಳುವ ವ್ಯಾಪಾರಿಯ ಮಗಳು ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಅವಳು ಮನೆಗೆ ಹೋಗಿ ಹೇಳಿದರೆ ಮುಗಿಯಿತು, ಅವ್ವನ ಮಾನ ಹರಾಜು. ನನಗೆ ಅಳುವೇ ಬಂತು.

ಮೇಷ್ಟ್ರು ನಗಲಿಲ್ಲ. "ನಗೋದೇನೈತ್ರೋ? ನಮ್ಮನೇಲೂ ಬೆರೆಸ್ತೀವಿ," ಎಂದು ಬೋರ್ಡಿನ ಕಡೆ ತಿರುಗಿದರು. ಮೇಷ್ಟ್ರ ಮನೆಯಲ್ಲೇ ಹಾಗೆ ಅಂದಮೇಲೆ ಇನ್ಯಾರು ಆಡಿಕೊಳ್ಳುತ್ತಾರೆ? ಆ ಹುಡುಗಿಯೂ ತೆಪ್ಪಗಾದಳು. ಕ್ಲೋರಿನ್ನಿನಲ್ಲೂ ಅಷ್ಟೇ, ಹೆಚ್ಚುಕಮ್ಮಿ ಮೂರು ಪಾಲು ಮೂವತ್ತೈದರದ್ದು, ಒಂದು ಪಾಲು ಮೂವತ್ತೇಳರದ್ದು. ಯಾವುದು ಹೆಚ್ಚಿದೆಯೋ ಸರಾಸರಿ ಆ ಕಡೆ ವಾಲುತ್ತದೆ. ಅವತ್ತು ತಲೆಗೆ ಹೋದದ್ದು ಇವತ್ತಿಗೂ ಮರೆತಿಲ್ಲ.

ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದು ಬಾಳ್ಳುಪೇಟೆಗೆ ಹೋದೆ. ಅಂಗಡಿಯೊಂದರ ಹಿಂದೆ ಎರಡು ಕೋಣೆಯ ಮನೆ. ಮಾತಿನ ನಡುವೆ, ಮೆಣಸಿನ ತೋಟ ಎಲ್ಲಿದೆ ಎಂದು ಅವರ ಹೆಂಡತಿಯನ್ನು ಕೇಳಿದೆ.

"ತೋಟ ಎಲ್ಲಿಂದ ಬರ್ಬೇಕು ಕಣವ್ವ? ಮೊದ್ಲಿಂದ್ಲೂ ಬಾಡಿಗೆ ಮನೆ. ಸಾರಿಗೆ ಮೆಣಸೂ ಅಂಗಡೀದೇ."

ಕೈ ತೊಳೆದರೂ ಪುಡಿಯ ವಾಸನೆ ಹೋಗಿಲ್ಲ. ಪಾಠದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ ನಮ್ಮ ಅವ್ವನಿಗೋಸ್ಕರ ಒಂದು ಹೇಳಿದ್ದರು. ಬಸ್ಸು ಬಾಳ್ಳುಪೇಟೆ ದಾಟುವಾಗೆಲ್ಲ ಇಳಿದು ಮೇಷ್ಟ್ರನ್ನು ಮಾತಾಡಿಸಬೇಕು ಅಂದುಕೊಳ್ಳುತ್ತಿದ್ದೆ... ಅವರು ಇರುವಷ್ಟು ದಿನ ಒಮ್ಮೆಯೂ ಇಳಿಯಲಿಲ್ಲ.