ಐಸ್ ದಸ್ತಗಿರ್ ತನ್ನ ಮಗಳ ಮದುವೆಗೆ ಹೋದದ್ದು

ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಯಾವ ಹೋಟೆಲಿನಲ್ಲಿ, ಯಾವ ಜ್ಯೂಸ್ ಅಂಗಡಿಯಲ್ಲಿ, ಯಾವ ಕಲ್ಯಾಣ ಮಂಟಪದ ಹಿಂಬದಿಯಲ್ಲಿ ಐಸ್ ಮಿಷಿನ್ ಇದ್ದರೂ ಅದರ ನೆತ್ತಿಯ ಮೇಲೆ ಒಂದು ಫೋನ್ ನಂಬರು ಬರೆದಿರುತ್ತದೆ. ಕೆಳಗೆ ಕೆಂಪು ಬಣ್ಣದಲ್ಲಿ ಒಂದು ಸಾಲು: ದಸ್ತಗಿರ್ ಬರುವವರೆಗೆ ಯಾರೂ ಮುಟ್ಟಬಾರದು. ಕರೆಂಟಿನ ಟ್ರಾನ್ಸ್‌ಫಾರ್ಮರಿಗೂ ಇಷ್ಟು ಜೋರಾದ ಬೋರ್ಡು ಇರುವುದಿಲ್ಲ.

ಜನ ಅವನನ್ನು ಐಸ್ ದಸ್ತಗಿರ್ ಎನ್ನುತ್ತಾರೆ. ಐಸು ಅವನ ಗಂಟಲಿಗೆ ಆಗದು, ಬೇಸಿಗೆಯಲ್ಲೂ ಕಾಯಿಸಿದ ನೀರನ್ನೇ ಕುಡಿಯುತ್ತಾನೆ, ಅದು ಬೇರೆ ಮಾತು. ಮಿಷಿನ್ ಕೂರಿಸುವ ದಿನ ಅವನ ಗತ್ತು ನೋಡಬೇಕು. ಚೀಲದಿಂದ ರಸಮಟ್ಟ ತೆಗೆದು ಪೆಟ್ಟಿಗೆಯ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಪೆಟ್ಟಿಗೆ ಕೂದಲೆಳೆಯಷ್ಟು ವಾಲಿದರೂ ನೀರು ಒಂದೇ ಮಗ್ಗುಲಿಗೆ ಹರಿದು ಅರ್ಧ ಐಸು ಕಲ್ಲಾಗುತ್ತದೆ, ಅರ್ಧ ಹಪ್ಪಳವಾಗುತ್ತದೆ. ಆಮೇಲೆ ಗಾಳಿಯ ಪಾಠ. ಮಿಷಿನ್ನಿನ ಹಿಂಬದಿಯ ಜಾಲರಿಯನ್ನು ತೋರಿಸಿ, "ಇದು ಮೂಗು. ಹಿಂದೆ ಒಂದು ಮೊಳ ಜಾಗ ಬಿಡಿ. ನಿಮ್ಮ ಮೂಗು ಮುಚ್ಚಿದ್ರೆ ನೀವು ಎಷ್ಟೊತ್ತು ಇರ್ತೀರಾ ಹೇಳಿ" ಎನ್ನುತ್ತಾನೆ. ಕೇಳಿದವರು ತಮ್ಮ ಮೂಗು ಮುಟ್ಟಿಕೊಂಡು ತಲೆಯಾಡಿಸುತ್ತಾರೆ, ಅವನು ಆ ಕಡೆ ಹೋದ ಮೇಲೆ ಆ ಒಂದು ಮೊಳದಲ್ಲಿ ಈರುಳ್ಳಿ ಮೂಟೆ ಇಡುತ್ತಾರೆ.

ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಗುಣ ಎಲ್ಲರಿಗೂ ಗೊತ್ತು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಸುಣ್ಣ ಬಿಡುತ್ತದೆ. ಮಿಷಿನ್ನಿನೊಳಗೂ ಅದೇ ಬಿಳಿ ಹಕ್ಕಳೆ ಕಟ್ಟುತ್ತದೆ. ನಿಂಬೆ ಉಪ್ಪು ಕಲಸಿದ ನೀರು ಹರಿಸಿ ಅದನ್ನು ಬಿಡಿಸುವುದು, ಜಾಲರಿಯ ಧೂಳನ್ನು ಬ್ರಷ್ಷಿನಿಂದ ಒರೆಸುವುದು, ಮುಕ್ಕಾಲು ಪಾಲು ರಿಪೇರಿ ಎಂದರೆ ಇಷ್ಟೇ. ಇದನ್ನು ಯಾರು ಬೇಕಾದರೂ ಮಾಡಬಹುದು. ಯಾರು ಬೇಕಾದರೂ ಮಾಡಬಹುದು ಎನ್ನುವುದನ್ನು ಮಾತ್ರ ದಸ್ತಗಿರ್ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಐಸ್ ದಸ್ತಗಿರ್ ಹೋಗಿ ಬರೀ ದಸ್ತಗಿರ್ ಉಳಿಯುತ್ತಿದ್ದ.

ಈ ಹೆಸರಿಗಾಗಿ ನವೆದವಳು ಅವನ ಹೆಂಡತಿ ಅಖ್ತರಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಗಾದೆಯನ್ನು ಅವಳು ದಿನಾ ಉಂಡವಳು. ಯಾರದೇ ಮದುವೆಗೆ ಗಂಡ ಹೆಂಡತಿ ಹೊಸ ಬಟ್ಟೆ ಹಾಕಿಕೊಂಡು ಹೋದರೂ ಬಾಗಿಲಲ್ಲೇ ಮನೆಯವರು ಅವನ ಕೈ ಹಿಡಿಯುತ್ತಿದ್ದರು. "ಹೆಂಗೂ ಬಂದಿದ್ದೀರಲ್ಲ ಸಾಬ್ರೇ, ಒಂದ್ ಸಲ ಹಿಂದಕ್ಕೆ ಹೋಗಿ ನೋಡ್ಬಿಡಿ." ಅವನು ಹಿಂದಕ್ಕೆ ಹೋದರೆ ಮದುವೆ ಮುಂದೆ ನಡೆದುಹೋಗುತ್ತಿತ್ತು. ಅಖ್ತರಿಯ ಸ್ವಂತ ತಮ್ಮನ ಮದುವೆಯ ಫೋಟೋದಲ್ಲಿ ಭಾವ ಇಲ್ಲ. ಮುರುಗಮಲ್ಲದ ದರ್ಗಾಕ್ಕೆ ಹರಕೆ ತೀರಿಸಲು ಹೋದಾಗಲೂ ಷರಬತ್ತಿನ ಅಂಗಡಿಯವನು ಅವನನ್ನು ಹಿಡಿದುಹಾಕಿಕೊಂಡ. ಅವಳೊಬ್ಬಳೇ ಬಸ್ಸಿನಲ್ಲಿ ಬಂದಳು.

ಮನೆಯಲ್ಲಿ ಊಟಕ್ಕೆ ಕೂತಾಗ ಫೋನ್ ಬರುತ್ತಿತ್ತು. ಅನ್ನ ಕಲಸುವ ಕೈಯಲ್ಲಿ ಫೋನ್ ಹಿಡಿಯಲಾಗದೆ ಸ್ಪೀಕರ್ ಹಾಕುತ್ತಿದ್ದ. ಮಂಚೇನಹಳ್ಳಿಯವರು ಒಂದು ರೋಗ ಹೇಳುವರು, ನಗರಗೆರೆಯವರು ಇನ್ನೊಂದು. ಕೇಳಿ ಕೇಳಿ, ಯಾವ ರೋಗಕ್ಕೆ ಗಂಡ ಏನು ಹೇಳುತ್ತಾನೆ ಎನ್ನುವುದು ಅಖ್ತರಿಗೆ ಸಾರಿಗೆ ಹುಳಿ ಎಷ್ಟು ಎನ್ನುವಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿತ್ತು. ಅವನು ಹೇಳುವ ಮೊದಲು ಅವಳೇ ಹೇಳಿಬಿಟ್ಟರೆ ಅವನಿಗೆ ಕೋಪ.

ಹೀಗಿರುವಾಗ ಮಗಳು ಶೈಸ್ತಾಳ ಮದುವೆ ನಿಶ್ಚಯವಾಯಿತು. ಶೈಸ್ತಾ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಟೀಚರ್. ಗಂಡಿನವರು ಗೌರಿಬಿದನೂರಿನ ಬಟ್ಟೆ ಅಂಗಡಿಯವರು, ಮಾತಿಗೆ ಬೆಲೆ ಕೊಡುವ ಜನ, ಬೇರೆಯವರ ಮಾತಿಗೆ ಇನ್ನೂ ಹೆಚ್ಚು ಬೆಲೆ ಕೊಡುವ ಜನ. ದಸ್ತಗಿರನ ಮನೆಯಲ್ಲಿ ಆಡುವ ಮಾತು ಉರ್ದು. ಜಗಳ ಬಿಸಿಯೇರಿದರೆ ಕನ್ನಡ, ಪೂರ್ತಿ ಕುದಿದರೆ ತೆಲುಗು. ಆವತ್ತು ಅಖ್ತರಿ ನೇರವಾಗಿ ತೆಲುಗಿಗೇ ಹೋದಳು. ಕನ್ನಡದಲ್ಲಿ ಅದರ ಸಾರ ಇಷ್ಟು: "ಬೇರೆಯವರ ಮದುವೇಲಿ ಹಿಂದೆ ಇದ್ರಿ, ಸುಮ್ಮನಿದ್ದೆ. ಇದು ನನ್ನ ಮಗಳದ್ದು. ಆವತ್ತು ಖಾಜಿ ಪಕ್ಕದಲ್ಲಿ ಕೂತೋರು ನಿಖಾ ಮುಗಿಯೋವರೆಗೂ ಏಳಬಾರದು. ಎದ್ರೆ ಈ ಮನೆಗೆ ಬರಬೇಡಿ, ಯಾವುದಾದ್ರೂ ಮಿಷಿನ್ ಪಕ್ಕ ಮಲ್ಕೊಳ್ಳಿ."

ಶೈಸ್ತಾ ಏನೂ ಹೇಳಲಿಲ್ಲ. ಶಾಲೆಯ ಬಹುಮಾನದ ದಿನವೂ ಅಬ್ಬಾ ಪೂರ್ತಿ ಕೂತದ್ದನ್ನು ನೋಡಿದವಳಲ್ಲ ಅವಳು. ಅವಳು ಹೇಳದೆ ಇದ್ದದ್ದೇ ದಸ್ತಗಿರನಿಗೆ ನಾಟಿತು. ಕುರಾನಿನ ಮೇಲೆ ಕೈಯಿಡುವಷ್ಟು ಗಂಭೀರವಾಗಿ ಮಾತು ಕೊಟ್ಟ.

ಮಾತು ಉಳಿಸಿಕೊಳ್ಳಬೇಕಾದರೆ ಐಸ್ ಮಿಷಿನ್ ಇಲ್ಲದ ಮಂಟಪ ಬೇಕು. ಸುತ್ತಲಿನ ಊರುಗಳಿಗೆಲ್ಲ ತಾನೇ ನಿಂತು ಮಿಷಿನ್ ಕೂರಿಸಿದವನಿಗೆ ಅದೇ ದುರ್ಲಭವಾಯಿತು. ಕೊನೆಗೆ ಚಿಂತಾಮಣಿಯಲ್ಲೇ ಒಂದು ಸಿಕ್ಕಿತು, ಸತ್ಯಮೂರ್ತಿ ಮೇಷ್ಟ್ರದು. ದಸ್ತಗಿರನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತರಾದ ಮೇಲೆ ಇದ್ದ ನಿವೇಶನದಲ್ಲಿ ಸಣ್ಣದೊಂದು ಮಂಟಪ ಕಟ್ಟಿಸಿ ಎಲ್ಲ ಜಾತಿಯವರಿಗೂ ಕೊಡುತ್ತಿದ್ದರು. ಬಿರಿಯಾನಿಯ ಒಲೆ ಮಾತ್ರ ಹೊರಗೆ, ಶಾಮಿಯಾನದ ಕೆಳಗೆ. ಅಖ್ತರಿ ತಾನೇ ಹೋಗಿ ಹಿಂದೆ ಮುಂದೆ ಎಲ್ಲ ನೋಡಿ, ಮಿಷಿನ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಪ್ಪಿದಳು.

ಆದರೆ ಮೇಷ್ಟ್ರ ಮನಸ್ಸು ಒದ್ದೆಯಾಯಿತು. ದೊಡ್ಡ ದೊಡ್ಡ ಮಂಟಪ ಬಿಟ್ಟು ಹಳೇ ಶಿಷ್ಯ ತನ್ನ ಹತ್ತಿರ ಬಂದಿದ್ದಾನೆ, ಅಭಿಮಾನ ಎಂದರೆ ಇದು. ಐಸ್ ದಸ್ತಗಿರನ ಮಗಳ ಮದುವೆ ಐಸಿಲ್ಲದೆ ನಡೆದರೆ ಲೋಕ ಏನೆಂದೀತು? ಅವನಿಗೆ ಹೇಳದೆ, ಬೆಂಗಳೂರಿನಿಂದ ಒಂದು ಹೊಸ ಮಿಷಿನ್ ತರಿಸಿಬಿಟ್ಟರು.

ಅದನ್ನು ಎಲ್ಲಿ ಇಡಬೇಕು ಎನ್ನುವುದು ದೊಡ್ಡ ಪ್ರಶ್ನೆಯಾಯಿತು. ವಾಸ್ತು ಹೇಳುವ ನರಸಿಂಹಪ್ಪನವರು ಬಂದು ನೋಡಿದರು. ಐಸು ಎಂದರೆ ನೀರು, ನೀರು ಈಶಾನ್ಯಕ್ಕೆ. ಆದರೆ ಮಿಷಿನ್ನಿನ ಬೆನ್ನಿಗೆ ಕೈಯಿಟ್ಟರೆ ಬಿಸಿಗಾಳಿ, ಜೊತೆಗೆ ಕರೆಂಟು. ಹಾಗಾದರೆ ಅಗ್ನಿ, ಆಗ್ನೇಯಕ್ಕೆ. ಒಂದೇ ಪೆಟ್ಟಿಗೆಯೊಳಗೆ ಎರಡು ದೇವತೆಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತದ್ದನ್ನು ಅವರ ಶಾಸ್ತ್ರ ಕಂಡಿರಲಿಲ್ಲ. ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವಂತೆ, ಎರಡು ಮೂಲೆಗಳ ನಡುವಿನ ಪೂರ್ವದ ಗೋಡೆಯ ಗೂಡನ್ನು ತೋರಿಸಿದರು. ಮೊದಲು ಅಲ್ಲಿ ಬೀರು ಇತ್ತು. ಮೂರು ಕಡೆ ಗೋಡೆ. ವಿಜ್ಞಾನದ ಮೇಷ್ಟ್ರು ವಾಸ್ತುವಿಗೆ ಎದುರಾಡಲಿಲ್ಲ. ಕಂಪನಿಯ ಹುಡುಗರು ಮಿಷಿನ್ನನ್ನು ಆ ಗೂಡಿಗೆ ತುರುಕಿ, ಇನ್ನು ಮೇಲೆ ಏನೇ ಆದರೂ ಕರೆಯಿರಿ ಎಂದು ದಸ್ತಗಿರನ ನಂಬರನ್ನೇ ಬರೆದು, ಕೆಳಗೆ ಆ ಕೆಂಪು ಸಾಲನ್ನೂ ಸೇರಿಸಿ ಹೋದರು.

ಮದುವೆಯ ಬೆಳಿಗ್ಗೆ ಮಿಷಿನ್ನಿಗೆ ಪೂಜೆ. ಹೊಸ ಲಾರಿಗೆ ಮಾಡುವ ಹಾಗೆ ಅರಿಶಿನ, ಕುಂಕುಮ, ಬೂದಿಯ ಮೂರು ಗೆರೆ, ಎರಡು ಬದಿಗೂ ಬಾಳೆಕಂದು. ಎಲ್ಲಕ್ಕಿಂತ ಮೇಲೆ ಚೆಂಡುಹೂವಿನ ಒಂದು ದಪ್ಪ ಹಾರ. ಅಷ್ಟು ದೊಡ್ಡ ಹಾರ ಎದುರಿಗೆ ನೇತಾಡಿದರೆ ಐಸು ತೆಗೆಯುವ ಬಾಗಿಲಿಗೆ ಅಡ್ಡ ಬರುತ್ತದೆಂದು ಅಡುಗೆಯವರು ಅದನ್ನು ಮಡಚಿ, ಗೋಡೆಯ ಸಂದಿಯಲ್ಲಿ ಕೈ ತೂರಿಸಿ ಹಿಂದಿನ ಜಾಲರಿಯ ಮೇಲೆ ಭಕ್ತಿಯಿಂದ ಹೊದಿಸಿದರು.

ಇತ್ತ ದಸ್ತಗಿರ್ ಶೇರ್ವಾನಿ ತೊಟ್ಟು ವೇದಿಕೆಯ ಮೇಲೆ, ಖಾಜಿಯ ಪಕ್ಕದಲ್ಲಿ ಕೂತಿದ್ದ. ಹೆಂಗಸರಿಗೆ ಪರದೆಯ ಆಚೆ ಜಾಗ. ಗೌರಿಬಿದನೂರಿನ ದಿಬ್ಬಣ ಬಿಸಿಲಿನಲ್ಲಿ ಬಂದಿಳಿದಿತ್ತು, ಎಲ್ಲರೂ ಕರ್ಚೀಫಿನಿಂದ ಗಾಳಿ ಬೀಸಿಕೊಳ್ಳುತ್ತ ಷರಬತ್ತಿಗೆ ಕಾಯುತ್ತಿದ್ದರು. ಆಗ ಮಂಟಪದ ಹಿಂದಿನಿಂದ ಒಂದು ಗೊರಗೊರ ಸದ್ದು ಬಂತು. ತೊಟ್ಟಿಲ ಕೂಸು ಮುಲುಗಿದರೆ ತಾಯಿಗೆ ಎಚ್ಚರವಾಗುವಂತೆ ದಸ್ತಗಿರನ ಕಿವಿ ನೆಟ್ಟಗಾಯಿತು. ಇಲ್ಲಿ ಮಿಷಿನ್ ಹೇಗೆ ಬಂತು? ಸದ್ದು ಏದುಸಿರು ಬಿಟ್ಟಿತು, ಇನ್ನೂ ಒಂದೆರಡು ಸಲ ಪ್ರಯತ್ನಪಟ್ಟಿತು, ನಿಂತುಹೋಯಿತು.

ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ವೇದಿಕೆಯ ಬಳಿಗೆ ಬಂದು ಬಗ್ಗಿದರು. "ದಸ್ತಗಿರಪ್ಪಾ, ನಿಂಗೆ ಖುಷಿಯಾಗ್ಲಿ ಅಂತ ಒಂದು ಮಿಷಿನ್ ಹಾಕ್ಸಿದ್ದೆ ಕಣೋ. ನಿಂತ್ಹೋಯ್ತು."

"ಸಾರ್, ನಾನಿವತ್ತು ಹೆಣ್ಣಿನ ಅಪ್ಪ. ಏಳೋ ಹಾಗಿಲ್ಲ."

"ಹಂಗಾದ್ರೆ ಬೇರೆ ಯಾರಾದ್ರೂ ಮುಟ್ಟಿ ನೋಡ್ಲೇನಪ್ಪ?"

ಒಂದು ಮಾತು ಸಾಕಾಗಿತ್ತು. ಹಿಂದಿನ ಜಾಲರಿ ನೋಡಿ ಸಾರ್ ಎಂದಿದ್ದರೆ ಅಡುಗೆಯವರೇ ಸರಿಮಾಡುತ್ತಿದ್ದರು. ಆದರೆ ಆ ಮಾತು ಆಡಿ ಅವನಿಗೆ ಅಭ್ಯಾಸವಿಲ್ಲ. "ಬೇಡ ಸಾರ್, ಯಾರೂ ಮುಟ್ಟೋದು ಬೇಡ. ಊಟ ಆದ್ಮೇಲೆ ನಾನೇ ನೋಡ್ತೀನಿ" ಎಂದ. ಎಂದವನು ಕುರ್ಚಿಯ ಕೆಳಗೆ ಬಲಗಾಲಿನಿಂದ ಚಪ್ಪಲಿ ಹುಡುಕತೊಡಗಿದ.

ಪರದೆಯ ಸಂದಿಯಿಂದ ಅಖ್ತರಿಗೆ ಕಂಡದ್ದು ಆ ಕಾಲು. ಮಾತು ಕೊಟ್ಟದ್ದು ಅವನ ಬಾಯಿ, ಕಾಲಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಕಾಲು ಅವನನ್ನು ಎಬ್ಬಿಸಿಕೊಂಡು ಹೋಗುತ್ತದೆ, ಶೈಸ್ತಾಳ ನಿಖಾದಲ್ಲೂ ಆ ಕುರ್ಚಿ ಖಾಲಿಯಾಗುತ್ತದೆ ಎಂದು ಅವಳಿಗೆ ಖಂಡಿತವಾಯಿತು. ಎದ್ದು, ಮಗಳನ್ನು ಮುತ್ತಿಕೊಂಡಿದ್ದ ಹೆಂಗಸರ ನಡುವಿನಿಂದ ನುಸುಳಿ ಹಿಂದಿನ ಬಾಗಿಲಿಂದ ಹೊರಟಳು.

ಅಡುಗೆಯವರು ಮಿಷಿನ್ನಿನ ಸುತ್ತ ಕೈಕಟ್ಟಿ ನಿಂತಿದ್ದರು. ಹಿಂದೆಯೇ ಬಂದ ಮೇಷ್ಟ್ರು ತಡೆದರು. "ಮುಟ್ಟಬೇಡಮ್ಮ. ನಿಮ್ಮ ಯಜಮಾನ್ರೇ ಬರಬೇಕು ಅಂತ ಬೋರ್ಡಿದೆ."

"ಅಂಥ ಮೊದಲ್ನೇ ಬೋರ್ಡು ಬರಿಯೋಕೆ ಬಣ್ಣ ತಂದ್ಕೊಟ್ಟೋಳು ನಾನೇ ಮೇಷ್ಟ್ರೆ" ಎಂದು ಅಖ್ತರಿ ಸ್ವಿಚ್ ಆರಿಸಿದಳು. ಅಡುಗೆಯವರಿಂದ ಮಿಷಿನ್ನನ್ನು ಗೂಡಿನಿಂದ ಈಚೆಗೆ ಎಳೆಸಿದಳು. ಹಾರ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಹಾರದಿಂದ ಉದುರಿ ಜಾಲರಿಗೆ ಮೆತ್ತಿದ್ದ ಬೂದಿ ಕುಂಕುಮವನ್ನು ರೇಷ್ಮೆ ಸೆರಗಿನಿಂದಲೇ ಒರೆಸಿದಳು. ಮಿಷಿನ್ನಿನ ಬೆನ್ನು ಆರುವವರೆಗೆ ಕಾದು ಮತ್ತೆ ಸ್ವಿಚ್ ಹಾಕಿದಳು. ಮಿಷಿನ್ ತಣ್ಣಗೆ ಉಸಿರಾಡಿತು, ಒಳಗೆ ನೀರು ಹರಿಯಿತು. ಅವಳು ಅದರ ಮುಂದೆಯೇ ನಿಂತಳು.

ಅದೇ ಹೊತ್ತಿಗೆ ನಿಖಾದಲ್ಲಿ ಹೆಣ್ಣಿನ ಪರವಾಗಿ ಮಾತಾಡುವ ವಕೀಲನಾಗಿ ಶೈಸ್ತಾಳ ಸೋದರಮಾವ ಇಬ್ಬರು ಸಾಕ್ಷಿಗಳೊಂದಿಗೆ ಮದುಮಗಳ ಒಪ್ಪಿಗೆ ಕೇಳಲು ಒಳಗೆ ಹೋದ. ಕೇಳಿದ. ಶೈಸ್ತಾ ಸುತ್ತ ನೋಡಿ ತಲೆ ತಗ್ಗಿಸಿದಳು. ಮತ್ತೆ ಕೇಳಿದ. ಅವನ ಕಿವಿಯ ಹತ್ತಿರ, "ಅಮ್ಮಿ ಬರಲಿ" ಎಂದಳು. ಅಷ್ಟು ಗದ್ದಲದಲ್ಲಿ ತಾಯಿ ಇಲ್ಲದ್ದು ಬೇರೆ ಯಾರ ಗಮನಕ್ಕೂ ಬಂದಿರಲಿಲ್ಲ. ಸಾಕ್ಷಿಗಳಿಗೆ ಗೊತ್ತಾದದ್ದು ಹುಡುಗಿ ಹೂಂ ಅನ್ನಲಿಲ್ಲ ಎಂಬುದಷ್ಟೇ. ಆ ಸುದ್ದಿ ವೇದಿಕೆ ತಲುಪುವಷ್ಟರಲ್ಲಿ ಗಂಡಿನ ಕಡೆಯವರ ಕರ್ಚೀಫುಗಳು ನಿಂತಿದ್ದವು.

ಸೋದರಮಾವ ಬಂದು ದಸ್ತಗಿರನ ಕಿವಿಯಲ್ಲಿ ನಿಜ ಹೇಳಿದ. ಅಖ್ತರಿ ಎಲ್ಲಿರುತ್ತಾಳೆ ಎಂದು ದಸ್ತಗಿರನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಿಂದಿನಿಂದ ಮಿಷಿನ್ ಮತ್ತೆ ಸದ್ದು ಮಾಡುವುದು ಆಗಲೇ ಕೇಳಿಸಿತ್ತು. ಇಡೀ ಸಭೆ ನೋಡುತ್ತಿರುವಂತೆ ಖಾಜಿಯ ಪಕ್ಕದಿಂದ ಎದ್ದು, ಬರಿಗಾಲಲ್ಲಿ, ಹಿಂದಕ್ಕೆ ಓಡಿದ.

ಅಖ್ತರಿ ಹೆಗಲ ಮೇಲೆ ಚೆಂಡುಹೂವಿನ ಹಾರ ಹಾಕಿಕೊಂಡು, ಮಸಿಯಾದ ಸೆರಗು ಹಿಡಿದು ನಿಂತಿದ್ದಳು. ಅವನನ್ನು ಕಂಡು ಅವಳಿಗೆ ಸಿಟ್ಟೇ ಬಂತು. "ಕೊನೆಗೂ ಎದ್ದು ಬಂದ್ರಾ?"

"ನಿನ್ನ ಕರೆಯೋಕೆ ಬಂದೆ ಕಣೇ. ನೀನಿಲ್ದೆ ಅವಳು ಒಪ್ಪಿಗೆ ಕೊಡ್ತಿಲ್ಲ. ನಡಿ."

ಅಖ್ತರಿ ಹೆಂಗಸರ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಳು. ಆದರೂ ಬಾಯಿ ತನ್ನ ಪಾಠ ಬಿಡಲಿಲ್ಲ. "ಮೊದಲ್ನೇ ಐಸ್ ಬೀಳೋವರೆಗೂ ಬಿಟ್ಟು ಬರಬಾರದು ಅಂತ ನೀವೇ ಅಲ್ವಾ ಹೇಳೋದು?"

"ಬಿದ್ರೆ ಬೀಳ್ಲಿ, ಬೀಳ್ದಿದ್ರೆ ಹಾಳಾಗ್ಲಿ" ಎಂದ ಐಸ್ ದಸ್ತಗಿರ್. ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಹೆಂಗಸರ ಬಾಗಿಲಲ್ಲಿ ಬಿಟ್ಟ. ಅಮ್ಮಿಯ ಕೈ ಸಿಕ್ಕಿದ ಮೇಲೆ ಶೈಸ್ತಾ ಕೇಳಿದ್ದಕ್ಕೆಲ್ಲ ಸ್ಪಷ್ಟವಾಗಿ ಹೂಂ ಅಂದಳು.

ಮೊದಲ ಐಸು ಬಿದ್ದದ್ದನ್ನು ಇಬ್ಬರೂ ನೋಡಲಿಲ್ಲ. ಷರಬತ್ತು ಮಾತ್ರ ತಣ್ಣಗಿತ್ತು. ಊಟದ ಹೊತ್ತಿಗೆ ಹುಡುಗನ ತಾಯಿ ಲೋಟ ಹಿಡಿದುಕೊಂಡೇ, ನಾಲ್ಕು ಜನ ಕೇಳುವ ಹಾಗೆ ಅಖ್ತರಿಗೆ ಹೇಳಿದಳು: "ನಿಮ್ಮ ಯಜಮಾನ್ರಿಗೆ ಮಗಳಿಗಿಂತ ಮಿಷಿನ್ನೇ ಹೆಚ್ಚಾಯ್ತಲ್ಲ ತಾಯಿ. ನಿಖಾ ಬಿಟ್ಟು ಎದ್ದು ಹೋಗೋದಾ? ಅದಕ್ಕೇ ಹುಡುಗಿ ಮುನಿಸಿಕೊಂಡಿದ್ದು."

ಅಖ್ತರಿ ಬಾಯಿ ತೆರೆದಳು. ಅಷ್ಟರಲ್ಲಿ ದಸ್ತಗಿರ್ ಮುಂದೆ ಬಂದು ಕೈ ಮುಗಿದ. "ತಪ್ಪು ನಂದೇ ಅಮ್ಮ. ಸದ್ದು ಕೇಳಿದ್ರೆ ಕೂರೋಕಾಗಲ್ಲ. ಹಾಳು ಚಾಳಿ."

ಅಖ್ತರಿ ಅಲ್ಲೇ ಅತ್ತುಬಿಟ್ಟಳು. ಮಗಳನ್ನು ಕಳಿಸುವ ಸಂಕಟ ಎಂದು ಹೆಂಗಸರು ಬೆನ್ನು ಸವರಿದರು.

ಈಗ ಸುತ್ತಲ ಊರುಗಳಲ್ಲೆಲ್ಲ ಇದೇ ಕತೆ. ಮಗಳ ನಿಖಾ ಬಿಟ್ಟು ಮಿಷಿನ್ ನೋಡಲು ಹೋದ ಮನುಷ್ಯ ಎಂದು ಕೆಲವರು ಉಗಿಯುತ್ತಾರೆ, ಹೋಟೆಲಿನವರು ಅದನ್ನೇ ಹೊಗಳಿ ಅವನನ್ನೇ ಕರೆಸುತ್ತಾರೆ. ಜೀವನದಲ್ಲಿ ಒಂದೇ ಒಂದು ಸಲ ಮಿಷಿನ್ನಿಗೆ ಬೆನ್ನು ತಿರುಗಿಸಿದ್ದಕ್ಕೆ ಅವನಿಗೆ ಸಿಕ್ಕ ಹೆಸರು ಇದು. ಯಾರಾದರೂ ಆಡಿಕೊಂಡಾಗಲೆಲ್ಲ ಅಖ್ತರಿ ನಿಜ ಹೇಳಲು ಹೊರಡುತ್ತಾಳೆ. ಅವನು ಸುಮ್ಮನಿರು ಎಂದು ಕಣ್ಣಲ್ಲೇ ತಡೆಯುತ್ತಾನೆ. ಎದ್ದು ಹೋದದ್ದು ತಾಯಿ ಎಂದು ಗೊತ್ತಾದರೆ ಅತ್ತೆಮನೆಯ ಮಾತು ಮಗಳಿಗೆ ತಗಲುತ್ತದೆ, ಶೈಸ್ತಾ ಆ ಮನೆಗೆ ಇನ್ನೂ ಹೊಸಬಳು.