ಸೀರಮ್‌ಗೆ ಬಿದ್ದ ಹೆಪ್ಪು

ಮುಂಜಾನೆ ಬೋಗಾಣಿಯ ಮುಚ್ಚಳ ತೆಗೆದು ನೋಡಿದರೆ... ಮುಖಕ್ಕೆ ಹಚ್ಚಲು ಮಾಡಿದ್ದ ನನ್ನ ಸೀರಮ್ ಒಡೆದು ಹೋಗಿತ್ತು. ಮೇಲೆ ಎಣ್ಣೆ, ಕೆಳಗೆ ನೀರು, ನಡುವೆ ಬಿಳಿ ಗಂಟು.

ಹಿಂದಿನ ಸಂಜೆ ಮಾಡಿಟ್ಟಾಗ ಥೇಟ್ ಹಾಲಿನ ಹಾಗೆ ಇತ್ತು.

ನಾನು ಮರಾಠಿ ಸೀಮೆಯ ವಾಕಡದಲ್ಲಿ ಒಂದು ಪಾರ್ಲರ್‌ನಲ್ಲಿ ಟವೆಲ್ ಒಗೆಯುತ್ತೇನೆ, ಕೂದಲು ಗುಡಿಸುತ್ತೇನೆ. ಫೇಶಿಯಲ್ ಕಲಿಯುವ ಆಸೆ, ಆದರೆ ಕೇಳಲು ನಾಚಿಕೆ.

ಹೋದ ವಾರ ಹೇಗೋ ಧೈರ್ಯ ಮಾಡಿ, ವಿಡಿಯೋ ನೋಡಿ ಮನೆಯಲ್ಲೇ ಸೀರಮ್ ಮಾಡ್ತಿದ್ದೀನಿ ಅಂತ ಪಾರ್ಲರ್ ನಡೆಸುವ ಮೇಡಮ್‌ಗೆ ಹೇಳಿದ್ದೆ. "ಮಂಗಳವಾರ ತಗೊಂಡು ಬಾ. ಚೆನ್ನಾಗಿದ್ದರೆ ಫೇಶಿಯಲ್ ಕಲಿಸ್ತೀನಿ" ಅಂದಿದ್ದರು ಮರಾಠಿಯಲ್ಲಿ.

ಸೀರಮ್ ಒಡೆದ ದಿನವೇ ಆ ಮಂಗಳವಾರ.

ಅವ್ವನ್ನ ಕೇಳಿದೆ.

"ಹಾಲು ಅಲ್ಲೇನ ಅದು? ನೀ ಮರ್ತಿದ್ದಿ ಅಂತ ನಾನೇ ಚಮಚಾ ಮೊಸರು ಹಾಕಿ ಹೆಪ್ಪು ಇಟ್ಟೆ."

"ಅವ್ವಾ, ಅದು ಮಾರಿಗೆ ಹಚ್ಚೋದು!"

"ಮಾರಿಗೆ ಹಚ್ಚೋದನ್ನ ಹಾಲಿನ ಬೋಗಾಣ್ಯಾಗ ಇಟ್ರ ನನಗೇನ ಕನಸು ಬೀಳ್ತದ?"

ಅಳು ಬಂತು. ಆದರೂ ಚೆಲ್ಲಲು ಮನಸ್ಸಾಗಲಿಲ್ಲ. ಚಮಚದಿಂದ ತಿರುವಿದೆ, ಕೂಡಿತು... ಬಿಟ್ಟೆ, ಮತ್ತೆ ಬೇರೆಯಾಯಿತು. ಇದರಲ್ಲಿ ಹಾಲೇ ಇಲ್ಲ, ಹಾಗಿದ್ದರೂ ಯಾಕೆ ಒಡೆಯಿತು? ಮೊಸರಿನ ಹುಳಿಯೇ ಕಾರಣ ಇರಬೇಕು.

ಉಳಿದ ಗುಲಾಬಿ ನೀರು, ಬಾದಾಮಿ ಎಣ್ಣೆ, ಎರಡನ್ನೂ ಕೂಡಿಸುವ ಮೇಣದ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ನಡೆದಿದ್ದನ್ನು ಹೇಳಿದೆ. ಮೇಡಮ್ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟರು. "ಸರಿ, ಇಲ್ಲೇ ಮಾಡು. ನಾನೂ ನೋಡ್ತೀನಿ."

ವ್ಯಾಕ್ಸ್ ಹೀಟರ್‌ನಲ್ಲಿ ನೀರು ಹಾಕಿ ಎರಡು ಸ್ಟೀಲ್ ಬಟ್ಟಲು ಇಟ್ಟೆ. ಒಂದರಲ್ಲಿ ಎಣ್ಣೆ ಮತ್ತು ಮೇಣ, ಇನ್ನೊಂದರಲ್ಲಿ ಗುಲಾಬಿ ನೀರು.

ಎರಡೂ ಬಿಸಿಯಾದ ಮೇಲೆ ಎಣ್ಣೆಗೆ ಗುಲಾಬಿ ನೀರನ್ನು ಸಣ್ಣಗೆ ಸುರಿಯುತ್ತಾ ತಿರುವುತ್ತಾ ಹೋದೆ. ಒಮ್ಮೆಲೇ ಬೆಳ್ಳಗಾಯಿತು!

"ನೋಡ್ರಿ, ನೋಡ್ರಿ, ಹೆಂಗ ಹಾಲಾತು!" ಅಂತ ಕೂಗಿಬಿಟ್ಟೆ. ಮೇಡಮ್‌ಗೆ ಕನ್ನಡ ಬರಲ್ಲ ಅನ್ನೋದೇ ಮರೆತುಹೋಗಿತ್ತು.

ಆರಿದ ಮೇಲೆ ಅವರು ಚರ್ಮಕ್ಕೆ ಒಗ್ಗುತ್ತದೋ ನೋಡಲು ಒಂದು ಹನಿ ಮೊಣಕೈ ಒಳಭಾಗಕ್ಕೆ ಹಚ್ಚಿಕೊಂಡರು. ಮರುದಿನ ಕೈ ತೋರಿಸಿದರು... ಕೆಂಪಾಗಿರಲಿಲ್ಲ, ತುರಿಕೆಯೂ ಇರಲಿಲ್ಲ.

"ನಾಳೆಯಿಂದ ನನ್ನ ಪಕ್ಕ ನಿಂತು ಕಲಿ. ಆದರೆ ಇದು ಎಷ್ಟು ದಿನ ಕೆಡದೆ ಇರುತ್ತೆ? ಅದು ಗೊತ್ತಾಗೋವರೆಗೂ ಯಾವ ಗಿರಾಕಿ ಮುಖಕ್ಕೂ ಹಚ್ಚೋ ಹಾಗಿಲ್ಲ."

ನನಗೆ ಗೊತ್ತಿರಲಿಲ್ಲ. ಅದಕ್ಕೇ ಒಂದು ಬಾಟಲಿ ಪಾರ್ಲರ್ ಫ್ರಿಜ್‌ನಲ್ಲಿ, ಇನ್ನೊಂದು ಹೊರಗೆ ಕಪಾಟಿನಲ್ಲಿ ಇಟ್ಟಿದ್ದೀನಿ. ದಿನಾ ಮೂಸಿ ನೋಡ್ತೀನಿ.

ಇಂಥದ್ದನ್ನು ಮನೆಯಲ್ಲಿ ಮಾಡಿದವರು ಇದ್ದರೆ ಹೇಳ್ರಿ, ಕೆಡುವಾಗ ಮೊದಲು ವಾಸನೆ ಬದಲಾಗ್ತದೋ, ಬಣ್ಣವೋ?