ಕಂಪನಿ ಬಸ್ಸಿನ ಪಿಚ್ಚರ್ ಅಕ್ಕ

ಮೊನ್ನೆ ನಂಜನಗೂಡಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ತಲೆನೋವಿನ ಮುಲಾಮಿನ ಡಬ್ಬಿ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಳೆಯ ಕಂಪನಿ ಬಸ್ಸು, ಅದರ ಹರಿದ ಸೀಟು, ಕಿಟಕಿ ಪಕ್ಕ ಹಣೆ ತಿಕ್ಕಿಕೊಳ್ಳುತ್ತ ಕೂರುತ್ತಿದ್ದ ಆ ಅಕ್ಕ...

ವರ್ಷ ಹತ್ತಾಗಿರಬೇಕು. ನಾನಾಗ ನಂಜನಗೂಡಿನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದೆ. ನರಸೀಪುರ ಕಡೆಯ ಹೆಂಗಸರನ್ನೆಲ್ಲ ಕಂಪನಿ ಬಸ್ಸೇ ಕರೆದೊಯ್ದು ತಂದು ಬಿಡುತ್ತಿತ್ತು. ಅಕ್ಕ ಸೋಮನಾಥಪುರದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದವಳು. ಗಂಡ ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದ, ಮಾತು ಕಡಿಮೆ. ಒಬ್ಬಳೇ ಮಗಳು, ಆಗಿನ್ನೂ ಒಂದನೇ ಕ್ಲಾಸು. ಅಕ್ಕನಿಗೆ ಥ್ರಿಲ್ಲರ್ ಪಿಚ್ಚರ್ ಅಂದರೆ ಪ್ರಾಣ. ಅದರಲ್ಲೂ ಮದುವೆಯಾದವರು ಇನ್ಯಾರನ್ನೋ ಕದ್ದು ಪ್ರೀತಿಸಿ, ಆ ಪ್ರೀತಿ ಹುಚ್ಚಿಗೆ ತಿರುಗಿ, ಕೊನೆಗೆ ಬಾಗಿಲ ಹಿಂದೆ ಚಾಕು ಹಿಡಿದು ನಿಲ್ಲುವಂಥವು. ಫೋನಿನಲ್ಲಿ ನೋಡಿ ಬಂದು ಬಸ್ಸಿನಲ್ಲಿ ಕಥೆ ಹೇಳುತ್ತಿದ್ದಳು. ಕೊಲೆ ಬರುವ ಹೊತ್ತಿಗೆ ದನಿ ತಗ್ಗಿಸಿದರೆ ಇಡೀ ಬಸ್ಸು ಅವಳ ಕಡೆ ಬಾಗುತ್ತಿತ್ತು. ಪಿಚ್ಚರ್ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಹೊಸ ಕಥೆ ತೆಗೆದಳು. ಮದುವೆಯಾದವಳೊಬ್ಬಳು ಕೆಲಸದ ಜಾಗದ ಗಂಡಸಿನ ಸ್ನೇಹ ಮಾಡುತ್ತಾಳೆ. ಕೆಲವು ತಿಂಗಳಿಗೆ ಭಯ ಹತ್ತಿ ದೂರವಾಗುತ್ತಾಳೆ. ಅವನು ಬಿಡುವುದಿಲ್ಲ. ಕೈ ಕುಯ್ದುಕೊಂಡು ಫೋಟೊ ಕಳಿಸುತ್ತಾನೆ. ಒಂದು ದಿನ ಅವಳ ಮಗಳ ಸ್ಕೂಲಿನ ಗೇಟಿಗೇ ಹೋಗಿ, ಮಗುವಿನ ತಲೆಗೆ ಹೊಸ ಕ್ಲಿಪ್ ಸಿಕ್ಕಿಸಿ, "ಅಮ್ಮಂಗೆ ತೋರ್ಸು" ಅನ್ನುತ್ತಾನೆ.

"ಈಗ ಅವ್ಳು ಏನ್ ಮಾಡ್ಬೇಕು, ಯೋಳಿ?" ಅಂದಳು ಅಕ್ಕ.

"ಸಾಯ್ಲಿ ಬುಡು. ಅಂಥೋಳಿಗೆ ಅಂಗೇ ಆಗ್ಬೇಕು," ಅಂದಳು ಹಿಂದಿನ ಸೀಟಿನವಳು. ಎಲ್ಲರೂ ನಕ್ಕೆವು. ಗುಂಡಿ ಹಾಕುವ ಸೆಕ್ಷನ್ನಿನ ಹಿರಿಯಮ್ಮ ಮಾತ್ರ ನಗಲಿಲ್ಲ. "ಅವ್ನು ಯೋಳೋಕ್ ಮುಂಚೆ ಇವ್ಳೇ ಗಂಡಂಗೆ ಯೋಳ್ಬುಡ್ಬೇಕು ಕನವ್ವ."

"ಯೋಳುದ್ಮೇಲೆ ಗಂಡ ಕೊಂದಾಕುದ್ರೆ?" ಅಂದಳು ಅಕ್ಕ.

ಅಕ್ಕನ ಕೈ ನನ್ನ ಮೊಣಕೈ ಹಿಡಿದಿತ್ತು. ಇಳಿಯುವಾಗ ಮೆಲ್ಲಗೆ ಕೇಳಿದೆ, ಯಾವ ಪಿಚ್ಚರ್ ಅಕ್ಕ ಅದು ಅಂತ.

"ಪಿಚ್ಚರ್ ಅಲ್ಲ ಕಣೆ," ಅಂದಳು.

ಅವನು ನಮ್ಮ ಕಂಪನಿಯ ಮಿಷನ್ ಮೆಕ್ಯಾನಿಕ್. ನಗುನಗುತ್ತ ಸೂಜಿ ಬದಲಿಸಿ ಕೊಡುತ್ತಿದ್ದವನು...

ಅಕ್ಕ ಗಂಡನಿಗೆ ಎಲ್ಲ ಹೇಳಿಬಿಟ್ಟಳು. ಅವನು ಹಸು ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದನಂತೆ. ಮಾರನೆಯ ಬೆಳಿಗ್ಗೆ ಡೇರಿಯಿಂದ ಬಂದು, "ನಡಿ, ಸ್ಟೇಷನ್‌ಗೆ ಓಗವ" ಅಂದನಂತೆ. ಪೊಲೀಸರು ಮೆಕ್ಯಾನಿಕ್‌ನನ್ನು ಕರೆಸಿ ಗದರಿಸಿದರು. ಕಂಪನಿ ಕೆಲಸದಿಂದ ತೆಗೆಯಿತು. ಅಂದಿನಿಂದ ಗಂಡ ದಿನಾ ಸಂಜೆ ಹಾಲಿನ ಮೊಪೆಡ್ಡಿನಲ್ಲಿ ಸ್ಟಾಪಿಗೆ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಅವಳು ಕಥೆ ಹೇಳುವುದನ್ನು ಬಿಟ್ಟಳು. ನಾವೂ ಕೇಳಲಿಲ್ಲ.

ಒಂದು ಸಂಜೆ ನರಸೀಪುರದ ಸ್ಟಾಪಿನಲ್ಲಿ ಬಸ್ಸು ನಿಂತಾಗ ಬಾಗಿಲಿಗೆ ಅಡ್ಡ ನಿಂತಿದ್ದವನು ಗಂಡನಲ್ಲ, ಮೆಕ್ಯಾನಿಕ್. ಗಡ್ಡ ಬೆಳೆದಿತ್ತು. ಕೈಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಬಾಟಲಿ.

"ಇಳಿ. ಇಳೀದಿದ್ರೆ ಇಲ್ಲೇ ಕುಡಿತೀನಿ."

ಸಾಯ್ಲಿ ಬುಡು ಅಂದಿದ್ದಳಲ್ಲ ಹಿಂದಿನ ಸೀಟಿನವಳು, ಅವಳೇ ಎದ್ದು ಹೋಗಿ ಬಾಗಿಲು ಎಳೆದುಕೊಂಡು, ಟಿಫನ್ ಕ್ಯಾರಿಯರ್ ಎತ್ತಿ ಹಿಡಿದು ನಿಂತಳು. "ಇಳೀಬ್ಯಾಡ ಕನಕ್ಕ!"

ಅವನು ಕುಡಿದೇಬಿಟ್ಟ. ಮಂಡಿಯೂರಿದ, ಮಗ್ಗುಲಾಗಿ ಬಿದ್ದ. ಅಕ್ಕ ನಮ್ಮನ್ನೆಲ್ಲ ತಳ್ಳಿಕೊಂಡು, ಬಾಗಿಲು ತೆಗೆದು ಇಳಿದು ಓಡಿದಳು. ಅವನ ತಲೆ ತೊಡೆಯ ಮೇಲಿಟ್ಟುಕೊಂಡು, "ಸಾಯ್ಬೇಡ ಕಣೋ... ಯಾರಾದ್ರೂ ಆಟೋ ಕರೀರಿ, ಸಾಯ್ಬೇಡ ಕಣೋ" ಅಂತ ಕಿರುಚುತ್ತಿದ್ದಳು. ನಾನು ತಲೆ ಎತ್ತಿದಾಗ ರಸ್ತೆಯ ಆಚೆ ಮೊಪೆಡ್ಡು ನಿಂತಿತ್ತು. ಗಂಡ ಒಂದು ಗಳಿಗೆ ನೋಡಿದ. ಗಾಡಿ ತಿರುಗಿಸಿಕೊಂಡು ಹೋದ.

ಮೆಕ್ಯಾನಿಕ್ ಆಸ್ಪತ್ರೆಯಲ್ಲಿ ಬದುಕಿಕೊಂಡ. ಆಮೇಲೆ ಈ ಕಡೆ ಕಾಣಲಿಲ್ಲ. ಅಕ್ಕನ ಸಂಸಾರ ಮಾತ್ರ ಉಳಿಯಲಿಲ್ಲ. "ನೀನು ಯೋಳ್ದಾಗ ತಡ್ಕಂಡೆ. ಕಣ್ಣಲ್ಲಿ ನೋಡುದ್ಮೇಲೆ ಆಗಲ್ಲ," ಅಂದನಂತೆ ಗಂಡ. ತಾಂಡವಪುರದ ಹತ್ತಿರದ ತವರಿಗೆ ಕಳಿಸಿದರು. ಮಗಳನ್ನು ಅತ್ತೆ ಇಟ್ಟುಕೊಂಡಳು. ಒಂದು ಸಲ ತೋರಿಸಿ ಅಂತ ಆ ಮನೆ ಬಾಗಿಲಿಗೆ ಹೋಗಿ ಹೋಗಿ ಅಕ್ಕ ಸೋತಳು.

ಕೊನೆಯ ಸಲ ಫೋನು ಮಾಡಿದಾಗ ತಿರುಪೂರಿಗೆ ಹೊರಟಿದ್ದಳು, ಹೊಲಿಗೆ ಕೆಲಸಕ್ಕೆ. "ಅವತ್ತು ನಾನು ಇಳೀಬಾರದಿತ್ತೇನೆ? ಕಣ್ಣೆದುರಿಗೆ ಒಂದು ಜೀವ ಓಯ್ತಿದ್ರೆ ಎಂಗೆ ಕೂರ್ಲಿ? ಪ್ರೀತಿಗಲ್ಲ ಕಣೆ, ನಮ್ಮಪ್ಪನಾಣೆ ಪ್ರೀತಿಗಲ್ಲ..."

"ಗೊತ್ತಕ್ಕ," ಅಂದೆ.

"ನಿಂಗೊತ್ತಿದ್ರೆ ಏನ್ ಬಂತು? ನಮ್ಮನೆಯವ್ರಿಗೆ ಗೊತ್ತಾಗ್ಬೇಕಿತ್ತು."

ಆಮೇಲೆ ಆ ನಂಬರು ಸಿಗಲಿಲ್ಲ.

ಮೊನ್ನೆ ಬಸ್ಸು ಇಳಿದವಳು ಮನೆಗೆ ಹೋಗಲಾರದೆ, ಆಟೋ ಹಿಡಿದು ಅವಳ ಗಂಡನ ಹಳ್ಳಿಗೆ ಹೋದೆ. ಅವನು ಕೊಟ್ಟಿಗೆಯಲ್ಲಿದ್ದ. ಕೂದಲು ನೆರೆತಿದೆ. ಅಕ್ಕ ಫೋನಿನಲ್ಲಿ ಅಂದದ್ದನ್ನು ಅಂದ ಹಾಗೇ ಹೇಳಿದೆ. ಹಸುವಿನ ಬೆನ್ನು ಸವರಿದ.

"ಅದು ನಂಗೂ ತಿಳೀತು ಕನವ್ವ, ತಡವಾಗಿ," ಅಂದ. "ಅವ್ಳ ತವರಲ್ಲಿ ಕೇಳ್ಕಂಡು ತಿರುಪೂರ್ಗೆ ಎರಡು ಸಲ ಓಗಿದ್ದೆ. ಗೇಟ್ ಗೇಟ್‌ಗೂ ನಿಂತ್ಕಂಡು ಫೋಟೊ ತೋರ್ಸ್ದೆ. ಯಾರೂ ಕಂಡಿಲ್ವಂತೆ."

ಒಳಬಾಗಿಲಲ್ಲಿ ಮಗಳು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಕ್ಕನದೇ ಕಣ್ಣು.

ಅವನು ಹುಡುಕಿಕೊಂಡು ಹೋಗಿದ್ದ ಅನ್ನುವುದನ್ನು ಅಕ್ಕನಿಗೆ ಯಾರು ಹೇಳಬೇಕು... ಎಲ್ಲಿ ಅಂತ ಹುಡುಕಿ ಹೇಳಬೇಕು.